ಗಿರಾಕಿಗೊಂದು ಬಣ್ಣ: ಬ್ರೌಸರ್‌ಗೆ ಥೀಮ್ ಮ್ಯಾನೇಜರ್ ಹೇಗೆ ಕಟ್ಟಲಿ?

ತಿಪಟೂರು ಕೌಂಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ಕೊಬ್ಬರಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ, ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇವೆ. ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ನಾನು, ಜೊತೆಗೆ ಪಿಯುಸಿ ಮುಗಿಸಿದ ಒಬ್ಬ ಹುಡುಗ. ಹರಾಜಿನ ದಿನ ಬಂತೆಂದರೆ ಚೀಲ ಇಳಿಸಿದವರೆಲ್ಲ ದರ ತಿಳಿಯುವವರೆಗೆ ನಮ್ಮಲ್ಲಿಗೆ ಬಂದು ಪಹಣಿ ತೆಗೆಸುತ್ತಾರೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸುತ್ತಾರೆ. ಒಂದೇ ಪರದೆಯಲ್ಲಿ ನಾಲ್ಕು ಜನರ ನಾಲ್ಕು ವಿಂಡೋ ತೆರೆದಿರುತ್ತವೆ. ಒಟಿಪಿ ತಡವಾದರೆ ಅವರನ್ನು ಬೆಂಚಿನ ಮೇಲೆ ಕೂರಿಸಿ ಮುಂದಿನವರ ಕೆಲಸ ಹಿಡಿಯುತ್ತೇವೆ. ಬೇರೆ ದಾರಿಯಿಲ್ಲ.

ಕಳೆದ ತಿಂಗಳು ಹೀಗೆಯೇ ಮಾಡಲು ಹೋಗಿ ಒಬ್ಬ ಹುಡುಗಿಯ ಅಂಕಪಟ್ಟಿ ಇನ್ನೊಬ್ಬಳ ಅರ್ಜಿಗೆ ಸೇರಿಹೋಯಿತು. ಇಬ್ಬರ ಹೆಸರೂ ಒಂದೇ, ಇನಿಷಿಯಲ್ ಮಾತ್ರ ಬೇರೆ. ತಪ್ಪು ನಮ್ಮದೇ. ಸರಿಪಡಿಸಲು ಒಂಬತ್ತು ದಿನ ಓಡಾಡಿದೆ. ಆ ಮಗುವಿನ ತಂದೆ ಎದುರು ಬಂದರೆ ಈಗಲೂ ಮುಖ ತಗ್ಗಿಸುತ್ತೇನೆ.

ಪ್ರತಿ ಗಿರಾಕಿಯ ವಿಂಡೋಗೆ ಬೇರೆ ಬೇರೆ ಬಣ್ಣ ಇದ್ದರೆ ಹೀಗಾಗುತ್ತಿರಲಿಲ್ಲ ಎಂದು ಆಮೇಲೆ ಹೊಳೆಯಿತು. ನಾವು ಬಳಸುವುದು ಫೈರ್‌ಫಾಕ್ಸ್. ಯೂಟ್ಯೂಬ್ ನೋಡಿ ಅಷ್ಟಿಷ್ಟು ಜಾವಾಸ್ಕ್ರಿಪ್ಟ್ ಕಲಿತಿದ್ದೇನೆ. ಹಾಕಿಕೊಂಡಿರುವ ಥೀಮ್‌ಗಳ (ಬ್ರೌಸರ್‌ಗೆ ಬಣ್ಣ, ಚಿತ್ರ ಕೊಡುವ ಅಲಂಕಾರಗಳ) ಪಟ್ಟಿಯನ್ನು ‘ಮ್ಯಾನೇಜ್‌ಮೆಂಟ್’ ಎಪಿಐಯಿಂದ (ಬ್ರೌಸರ್‌ನಿಂದ ಕೆಲಸ ಮಾಡಿಸಲು ಅದೇ ಕೊಡುವ ಆದೇಶಗಳ ಗುಂಪು) ತೆಗೆದು, ಹೆಸರಿನ ಮೇಲೆ ಒತ್ತಿದರೆ ‘ಸೆಟ್‌ಎನೇಬಲ್ಡ್’ ಮೂಲಕ ಆ ಥೀಮ್ ಬರುವಂತೆ ಒಂದು ಆಡ್‌-ಆನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಬರೆದೆ. ಕೆಲಸವೇನೋ ಮಾಡುತ್ತದೆ. ಆದರೆ ಒಂದು ವಿಂಡೋದಲ್ಲಿ ಹಸಿರು ಒತ್ತಿದರೆ ನಾಲ್ಕೂ ಹಸಿರಾಗುತ್ತವೆ. ಒಬ್ಬರಿಗೆ ಹೋಳಿಗೆ ಬಡಿಸು ಎಂದರೆ ಪಂಕ್ತಿಗೆಲ್ಲ ಬಡಿಸಿಕೊಂಡು ಹೋದ ಹಾಗೆ.

ಇನ್ನೊಂದು ತಲೆನೋವು ಆ ಪಟ್ಟಿ. ಹುಡುಗ ಉತ್ಸಾಹದಲ್ಲಿ 26 ಥೀಮ್ ಹಾಕಿಟ್ಟಿದ್ದಾನೆ. ಪಾಪ್‌ಅಪ್‌ನಲ್ಲಿ ಹೆಸರುಗಳಷ್ಟೇ ಕಾಣುತ್ತವೆ, ಯಾವುದು ಯಾವ ಬಣ್ಣ ಎಂಬುದನ್ನು ಒತ್ತಿಯೇ ನೋಡಬೇಕು. ಒತ್ತದೆ ನಮೂನೆ ತೋರಿಸುವುದು ಹೇಗೆ?

ನಗಬೇಡಿ, ನಮ್ಮ ತೋಟದ ಫೋಟೋ ಹಾಕಿ ನಾನೇ ಒಂದು ಥೀಮ್ ಮಾಡಿದೆ. ತೆಂಗಿನ ಮರ ಕಾಣಲೇ ಇಲ್ಲ. ಒಂದಿಷ್ಟು ಆಕಾಶ, ಪಂಪ್‌ಸೆಟ್‌ಗೆ ಎಳೆದ ಕರೆಂಟಿನ ತಂತಿ, ಒಂದು ಗರಿಯ ತುದಿ, ಅಷ್ಟೇ. ಅದರ ಮೇಲೆ ಟ್ಯಾಬ್‌ನ ಹೆಸರು ಬಿಳಿ ಅಕ್ಷರದಲ್ಲಿ. ಓದುವವರ ಪುಣ್ಯ.

ಚಿಂತಾಮಣಿ ಮೂಲೆಮನೆ:

ಇಷ್ಟಕ್ಕೆಲ್ಲ ಆಡ್‌-ಆನ್ ಏಕೆ ಅಣ್ಣ? ಗಿರಾಕಿಗೊಂದು ಪ್ರೈವೇಟ್ ವಿಂಡೋ ತೆರೆಯಿರಿ, ಮಾನಿಟರ್ ಅಂಚಿಗೆ ಹೆಸರು ಬರೆದ ಚೀಟಿ ಅಂಟಿಸಿ. ನಮ್ಮ ಅಂಗಡಿಯಲ್ಲಿ ಹಾಗೆಯೇ ನಡೆದಿದೆ.

ಗುಬ್ಬಿ ಪ್ಯಾಸೆಂಜರ್:

ಮೂಲೆಮನೆಯವರೇ, ಚೀಟಿಗೆ ನನ್ನ ತಕರಾರಿಲ್ಲ. ಪ್ರೈವೇಟ್ ವಿಂಡೋಗೆ ಇದೆ. ಹತ್ತು ಪ್ರೈವೇಟ್ ವಿಂಡೋ ತೆರೆದರೂ ಅವೆಲ್ಲಕ್ಕೂ ಕುಕೀಗಳ (ಲಾಗಿನ್ ಆದವರು ಯಾರೆಂದು ತಾಣ ಬ್ರೌಸರ್‌ನಲ್ಲಿ ಇಡುವ ಗುರುತಿನ ಚೀಟಿಗಳ) ಹುಂಡಿ ಒಂದೇ. ಒಂದರಲ್ಲಿ ಲಾಗಿನ್ ಆದವರು ಪಕ್ಕದ್ದರಲ್ಲೂ ಲಾಗಿನ್ ಆಗಿಯೇ ಇರುತ್ತಾರೆ.

ಕೌಂಟರ್ ಅಣ್ಣ, ಬಣ್ಣದ ವಿಚಾರಕ್ಕೆ ಬರುವ ಮೊದಲು ಒಂದು ಪ್ರಶ್ನೆ. ಆ ನಾಲ್ಕು ವಿಂಡೋಗಳೂ ಒಂದೇ ಪ್ರೊಫೈಲ್‌ನವೇ, ಅಂದರೆ ಕುಕೀ, ಸೆಟ್ಟಿಂಗ್ ಎಲ್ಲ ಒಂದೇ ಕಡೆ ಉಳಿಯುವಂಥವೇ? ಹೌದಾದರೆ ಅಂಕಪಟ್ಟಿ ಅದಲು ಬದಲಾದದ್ದು ನಿಮ್ಮ ಹುಡುಗನ ಕಣ್ತಪ್ಪು ಆಗಿರಲಿಕ್ಕಿಲ್ಲ. ಸಾಮಾನ್ಯ ವಿಂಡೋಗಳದ್ದೂ ಅದೇ ಕಥೆ. ಮೊದಲನೆಯವಳು ಲಾಗಿನ್ ಆದ ಮೇಲೆ ಇನ್ನೊಂದು ವಿಂಡೋದಲ್ಲಿ ಎರಡನೆಯವಳು ಅದೇ ತಾಣಕ್ಕೆ ಲಾಗಿನ್ ಆದರೆ ಮೊದಲನೆಯವಳ ಕುಕೀ ಅಳಿದು ಎರಡನೆಯವಳದ್ದು ಕೂರುತ್ತದೆ. ಮೊದಲ ವಿಂಡೋದಲ್ಲಿ ಹಳೆಯ ಹೆಸರೇ ಕಾಣುತ್ತಿರುತ್ತದೆ, ಏಕೆಂದರೆ ಆ ಪುಟ ಆಗಲೇ ಇಳಿದಿದೆ. ‘ಅಪ್‌ಲೋಡ್’ ಒತ್ತಿದಾಗ ಕಡತ ಸೇರುವುದು ಎರಡನೆಯವಳ ಖಾತೆಗೆ. ಈ ಸ್ಥಿತಿಯಲ್ಲಿ ವಿಂಡೋಗೆ ಹಸಿರು ಬಣ್ಣ ಹಚ್ಚಿದರೆ ಆ ಹಸಿರು ನಿಮಗೆ ಸುಳ್ಳು ಹೇಳುತ್ತದೆ. ಬಣ್ಣ ಇಲ್ಲದ ದಿನ ಅನುಮಾನವಾದರೂ ಇತ್ತು, ಬಣ್ಣ ಬಂದ ಮೇಲೆ ಅದೂ ಇರುವುದಿಲ್ಲ. ಹಾಗಾಗಿ ಬಣ್ಣವನ್ನು ವಿಂಡೋಗೆ ಕಟ್ಟಬೇಡಿ, ಲಾಗಿನ್‌ಗೆ ಕಟ್ಟಿ.

ಫೈರ್‌ಫಾಕ್ಸ್‌ನಲ್ಲಿ ಅದಕ್ಕೆ ಕಂಟೇನರ್ ಎಂಬ ಅನುಕೂಲವಿದೆ. ಪ್ರತಿ ಕಂಟೇನರ್‌ಗೆ ಅದರದೇ ಕುಕೀ ಹುಂಡಿ. ಟ್ಯಾಬ್‌ನ ಮೇಲೆ ಬಣ್ಣದ ಒಂದು ಗೆರೆಯೂ ಬರುತ್ತದೆ, ಆದರೆ ಅದು ಸೀರೆಯ ಸಣ್ಣ ಅಂಚಿನಷ್ಟು ತೆಳು. ಗಲಾಟೆಯ ಅಂಗಡಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಆಡ್‌-ಆನ್‌ಗೆ ಕೆಲಸ ಇರುವುದು ಇಲ್ಲಿಯೇ. ‘ಸೆಟ್‌ಎನೇಬಲ್ಡ್’ ಬಿಟ್ಟುಬಿಡಿ. ಒಂದು ಸಲಕ್ಕೆ ಒಂದೇ ಥೀಮ್ ಸಕ್ರಿಯವಾಗಿರುತ್ತದೆ, ಅದು ಇಡೀ ಬ್ರೌಸರ್‌ಗೆ ಅನ್ವಯಿಸುತ್ತದೆ. ಬದಲಿಗೆ ‘ಥೀಮ್.ಅಪ್‌ಡೇಟ್’ ಬಳಸಿ. ಅದಕ್ಕೆ ಮೊದಲು ವಿಂಡೋದ ಸಂಖ್ಯೆ ಕೊಟ್ಟು ಆಮೇಲೆ ಬಣ್ಣಗಳನ್ನು ಕೊಟ್ಟರೆ ಆ ಒಂದು ವಿಂಡೋ ಮಾತ್ರ ಬದಲಾಗುತ್ತದೆ. ಟ್ಯಾಬ್ ಬದಲಾದಾಗಲೆಲ್ಲ ‘ಟ್ಯಾಬ್ಸ್.ಆನ್‌ಆ್ಯಕ್ಟಿವೇಟೆಡ್’ ನಿಮ್ಮನ್ನು ಕೂಗುತ್ತದೆ. ಎದುರಿಗಿರುವ ಟ್ಯಾಬ್‌ನ ‘ಕುಕೀಸ್ಟೋರ್‌ಐಡಿ’ ನೋಡಿ, ಅದು ಯಾವ ಕಂಟೇನರ್‌ನದೋ ಆ ಬಣ್ಣವನ್ನು ವಿಂಡೋಗೆ ಹಚ್ಚಿ. ಆಗ ಒಂದೇ ವಿಂಡೋದಲ್ಲಿ ಇಬ್ಬರ ಟ್ಯಾಬ್ ಬೆರೆತರೂ ಬಣ್ಣ ಸತ್ಯವನ್ನೇ ಹೇಳುತ್ತದೆ. ಮ್ಯಾನಿಫೆಸ್ಟ್‌ನಲ್ಲಿ (ಆಡ್‌-ಆನ್‌ನ ವಿವರ ಬರೆಯುವ ಕಡತ) ಥೀಮ್, ಕುಕೀಸ್, ಕಾಂಟೆಕ್ಸ್ಚುವಲ್ ಐಡೆಂಟಿಟೀಸ್ (ಕಂಟೇನರ್‌ಗೆ ಎಪಿಐಯಲ್ಲಿರುವ ಹೆಸರು) ಈ ಮೂರಕ್ಕೂ ಅನುಮತಿ ಕೇಳಬೇಕು. ಬ್ರೌಸರ್ ಮುಚ್ಚಿ ತೆರೆದರೆ ಹೀಗೆ ಹಚ್ಚಿದ ಬಣ್ಣ ಉಳಿಯುವುದಿಲ್ಲ, ಶುರುವಾದಾಗ ಮತ್ತೆ ಹಚ್ಚುವ ಸಾಲು ಬರೆಯಿರಿ. ಗಿರಾಕಿ ಹೋದ ಮೇಲೆ ಅವರ ಕಂಟೇನರ್ ಅಳಿಸಿಬಿಡಿ, ಕುಕೀಗಳೂ ಜೊತೆಗೆ ಹೋಗುತ್ತವೆ. ನಿಮ್ಮಂಥ ಅಂಗಡಿಗೆ ಇದು ಬಣ್ಣಕ್ಕಿಂತ ಮುಖ್ಯ ಎನ್ನುವವನು ನಾನು.

ನಮೂನೆ ತೋರಿಸುವುದರಲ್ಲಿ ಒಂದು ತೊಡಕಿದೆ. ಬೇರೆಯವರು ಮಾಡಿದ ಥೀಮ್‌ನ ಹೆಸರು, ವಿವರಣೆ, ಚಿಹ್ನೆಗಳನ್ನು ‘ಮ್ಯಾನೇಜ್‌ಮೆಂಟ್’ ಕೊಡುತ್ತದೆ, ಬಣ್ಣಗಳನ್ನು ಕೊಡುವುದಿಲ್ಲ. ಬಣ್ಣ ಕೊಡುವುದು ‘ಥೀಮ್.ಗೆಟ್‌ಕರೆಂಟ್’, ಅದೂ ಆ ಕ್ಷಣ ಹಾಕಿರುವ ಥೀಮ್‌ನದ್ದು ಮಾತ್ರ. ಆದ್ದರಿಂದ ಯಾರಾದರೂ ಒಂದು ಥೀಮ್ ಹಾಕಿದಾಗ ಅದರ ಬಣ್ಣಗಳನ್ನು ತೆಗೆದು ಉಳಿಸಿಟ್ಟುಕೊಳ್ಳಿ. ಮುಂದಿನ ಸಲ ಪಟ್ಟಿಯಲ್ಲಿ ಆ ಬಣ್ಣಗಳಿಂದ ಪುಟ್ಟ ಬ್ರೌಸರ್ ಚಿತ್ರ ಬರೆದು ತೋರಿಸಿ. ಫೈರ್‌ಫಾಕ್ಸ್‌ನ ಮೂಲ ಥೀಮ್ ಇದ್ದಾಗ ಬಣ್ಣದ ಜಾಗದಲ್ಲಿ ‘ನಲ್’, ಅಂದರೆ ಖಾಲಿ, ಬರುತ್ತದೆ. ಅದನ್ನು ನೋಡಿಕೊಳ್ಳದೆ ನಾನು ಒಂದು ಸಂಜೆ ಕಳೆದಿದ್ದೇನೆ, ರೈಲು ತುಮಕೂರು ದಾಟಿದ್ದೂ ತಿಳಿಯಲಿಲ್ಲ.

ಕೋಲಾರದ ಹಳಬ:

ಒತ್ತದೆ ನಮೂನೆ ನೋಡುವ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಹಿಂದೆ ಫೈರ್‌ಫಾಕ್ಸ್‌ನ ಪೂರ್ಣ ಥೀಮ್‌ಗಳು ಗುಂಡಿಯ ಆಕಾರವನ್ನೂ ಬದಲಿಸುತ್ತಿದ್ದವು, ಆದರೆ ಬ್ರೌಸರ್ ಮುಚ್ಚಿ ತೆರೆಯಬೇಕಿತ್ತು. 2010ರಲ್ಲಿ 3.6ನೆಯ ಆವೃತ್ತಿಯೊಳಗೇ ಪರ್ಸೋನಾಸ್ ಎಂಬ ಹಗುರ ಥೀಮ್ ಬಂತು. ಚಿತ್ರದ ಮೇಲೆ ಮೌಸ್ ತಂದರೆ ಸಾಕು, ಇಡೀ ಬ್ರೌಸರ್ ಆ ಬಟ್ಟೆ ತೊಟ್ಟು ನಿಲ್ಲುತ್ತಿತ್ತು. ಮೌಸ್ ಸರಿಸಿದರೆ ಮತ್ತೆ ಹಳೆಯ ಬಟ್ಟೆ. ಆ ಸೊಗಸೇ ಸೊಗಸು. 2017ರ ನವೆಂಬರ್‌ನಲ್ಲಿ 57ನೆಯ ಆವೃತ್ತಿ ಬಂದು ಹಳೆಯ ಪೂರ್ಣ ಥೀಮ್‌ಗಳೆಲ್ಲ ನಿಂತುಹೋದವು. ನನ್ನ ಹಿತ್ತಾಳೆ ಬಣ್ಣದ ಗುಂಡಿಗಳನ್ನು ಈಗಲೂ ನೆನೆಯುತ್ತೇನೆ.

ನೀವೂ ಮೌಸ್ ತಂದಾಗ ಬದಲಾಗುವಂತೆ ಮಾಡಿ. ಚಿತ್ರ ಬರೆಯುವ ಗೋಜೇ ಇರುವುದಿಲ್ಲ.

ಗುಬ್ಬಿ ಪ್ಯಾಸೆಂಜರ್:

ಹಿರಿಯರೇ, ಮನೆಯಲ್ಲಿ ಸರಿ. ಇವರ ಅಂಗಡಿಯಲ್ಲಿ ಬಣ್ಣವೆಂದರೆ ಗಿರಾಕಿಯ ಗುರುತು. ಮೌಸ್ ಸುಮ್ಮನೆ ಹಾದುಹೋದರೂ ಗುರುತು ಬದಲಾಗಬಾರದು.

ಶಿಡ್ಲಘಟ್ಟದ ಹುರಿ:

ನಾನು ವೆಬ್ ಪುಟಗಳ ವಿನ್ಯಾಸ ಮಾಡುತ್ತೇನೆ. ತೋಟದ ಫೋಟೋ ಕಥೆ ಓದಿ ನಕ್ಕೆ, ಕ್ಷಮಿಸಿ. ಥೀಮ್‌ನ ಚಿತ್ರ ವಿಂಡೋದ ಮೇಲಿನ ಬಲ ಮೂಲೆಗೆ ಅಂಟಿಕೊಳ್ಳುತ್ತದೆ. ಕಾಣುವುದು ತಲೆಯ ಪಟ್ಟಿಯಷ್ಟು ಮಾತ್ರ, ಉಳಿದದ್ದು ಕೆಳಗೆ ಅಡಗುತ್ತದೆ. ಮರ ಬೇಕಾದರೆ ಫೋಟೋವನ್ನು ಅಗಲವಾಗಿ, ಗಿಡ್ಡವಾಗಿ ಕತ್ತರಿಸಿ, ಮರವನ್ನು ಬಲಕ್ಕೆ ತನ್ನಿ. ಅಂಗಡಿಯ ಕೆಲಸಕ್ಕೆ ಮಾತ್ರ ಚಿತ್ರವೇ ಬೇಡ.

ಅಕ್ಷರದ ಬಣ್ಣವನ್ನು ಆರಿಸಲು ಹುಡುಗನಿಗೆ ಬಿಡಬೇಡಿ. ಹಿನ್ನೆಲೆ ಮಾತ್ರ ಅವನು ಆರಿಸಲಿ, ಅಕ್ಷರ ಕಪ್ಪೋ ಬಿಳಿಯೋ ಎಂಬುದನ್ನು ನಿಮ್ಮ ಆಡ್‌-ಆನ್ ಲೆಕ್ಕ ಹಾಕಲಿ. ಕೆಂಪು, ಹಸಿರು, ನೀಲಿ ಮೂರನ್ನೂ 255ರಿಂದ ಭಾಗಿಸಿ, ಗಾಮಾ ತಿದ್ದುಪಡಿ (ಪರದೆಯ ಸಂಖ್ಯೆಯನ್ನು ನಿಜವಾದ ಬೆಳಕಿನ ಅಳತೆಗೆ ತರುವ ಲೆಕ್ಕ) ಮಾಡಿ, ಆಮೇಲೆ ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722ರಿಂದ ಗುಣಿಸಿ ಕೂಡಿಸಿ. ಬಂದದ್ದು ಆ ಬಣ್ಣದ ಬೆಳಕು. ಅದು 0.179ಕ್ಕಿಂತ ಹೆಚ್ಚಿದ್ದರೆ ಕಪ್ಪು ಅಕ್ಷರ, ಕಡಿಮೆಯಿದ್ದರೆ ಬಿಳಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಅಂತರ ಇರಬೇಕೆಂಬುದು ವೆಬ್‌ನ ಸುಲಭಲಭ್ಯತಾ ಮಾರ್ಗಸೂಚಿಯ ಮಾತು. ಅಚ್ಚ ಹಳದಿಯ ಮೇಲೆ ಬಿಳಿ ಬರೆದರೆ ಸಿಗುವುದು 1.07, ಅಂದರೆ ಬರೆಯದ ಹಾಗೆಯೇ. ಅಚ್ಚ ಕೆಂಪಿನ ಮೇಲೆ ಬಿಳಿಗೆ ಬರುವುದು ಸುಮಾರು 4, ಕಪ್ಪಿಗೆ 5.25. ಕೆಂಪಿನ ಮೇಲೆ ಬಿಳಿಯೇ ಚೆನ್ನ ಎಂದು ಎಲ್ಲರ ಕಣ್ಣೂ ಹೇಳುತ್ತದೆ, ಲೆಕ್ಕ ಒಪ್ಪುವುದಿಲ್ಲ. ನಾನಾದರೆ ಅಚ್ಚ ಕೆಂಪನ್ನೇ ಬಿಟ್ಟು ಇಟ್ಟಿಗೆಯ ಗಾಢ ಬಣ್ಣ ಹಿಡಿಯುತ್ತೇನೆ, ಆಗ ಕಣ್ಣಿಗೂ ಲೆಕ್ಕಕ್ಕೂ ಜಗಳವಿರುವುದಿಲ್ಲ.

ಪಾಪ್‌ಅಪ್‌ನಲ್ಲಿ ಸಾಲುಗಳ ನಡುವೆ ಜಾಗ ಬಿಡಿ. ಇಂಗ್ಲಿಷ್ ಹೆಸರಿಗೆ ಸಾಲುವ ಎತ್ತರದಲ್ಲಿ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಇನ್ನು 26 ಥೀಮ್ ಎಂದಿರಿ. ಗಿರಾಕಿಗಳು ನಾಲ್ಕು ಜನ ತಾನೇ? ನಾಲ್ಕೇ ಬಣ್ಣ ಇಡಿ.

ತಿಪಟೂರು ಕೌಂಟರ್:

ಹದಿನೈದು ದಿನವಾಯಿತು, ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ.

ಗುಬ್ಬಿಯವರ ಅನುಮಾನ ನಿಜ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನನ್ನದೊಂದು, ನನ್ನ ಹೆಂಡತಿಯದೊಂದು ಖಾತೆ ಹಿಡಿದು ಎರಡು ವಿಂಡೋದಲ್ಲಿ ಪರೀಕ್ಷಿಸಿದೆ. ನನ್ನ ಹೆಸರಿದ್ದ ಪುಟವನ್ನು ರಿಫ್ರೆಶ್ ಮಾಡಿದಾಗ ಅವಳ ಹೆಸರು ಬಂತು. ಹುಡುಗನನ್ನು ಅಂದು ನಾಲ್ಕು ಜನರ ಎದುರು ಬೈದಿದ್ದೆ. ಬೆಳಿಗ್ಗೆ ಬಂದ ಕೂಡಲೇ ಅವನಿಗೆ ಇದನ್ನು ತೋರಿಸಿದೆ. ‘ನಾನು ಆಗಲೇ ಹೇಳಿದೆನಲ್ಲ ಅಣ್ಣ, ಸರಿಯಾದ ಹೆಸರು ನೋಡಿಯೇ ಒತ್ತಿದ್ದು’ ಎಂದ. ಹೇಳಿದ್ದು ಹೌದು, ಕೇಳಿಸಿಕೊಂಡಿರಲಿಲ್ಲ.

ಈಗ ಕಂಟೇನರ್‌ಗೆ ಬಣ್ಣ ಕಟ್ಟಿದ್ದೇನೆ. ಮೊದಲು ಇಟ್ಟದ್ದು ತಿಳಿ ಹಳದಿ, ತಿಳಿ ಹಸಿರು, ತಿಳಿ ನೀಲಿ, ತಿಳಿ ಗುಲಾಬಿ. ಶಿಡ್ಲಘಟ್ಟದವರ ಲೆಕ್ಕದಲ್ಲಿ ಎಲ್ಲಕ್ಕೂ ಕಪ್ಪು ಅಕ್ಷರ, ಎಲ್ಲವೂ ಪಾಸು. ಆದರೂ ಮೂರನೆಯ ಕಂಪ್ಯೂಟರ್‌ನಲ್ಲಿ ಹುಡುಗ ಹಳದಿಗೂ ಹಸಿರಿಗೂ ತಡವರಿಸುತ್ತಿದ್ದ. ನನಗೆ ಸ್ಪಷ್ಟವಾಗಿ ಬೇರೆ ಬೇರೆಯಾಗಿಯೇ ಕಾಣುತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ನೋಡಿದರೆ, ನಾನು ಕುಳಿತು ಕೆಲಸ ಮಾಡುತ್ತೇನೆ, ಅವನು ಕೌಂಟರ್ ಮತ್ತು ಪ್ರಿಂಟರ್ ನಡುವೆ ಓಡಾಡುತ್ತ ನಿಂತೇ ಮಾಡುತ್ತಾನೆ. ಅದು ಹಳೆಯ ಮಾನಿಟರ್, ಮೇಲಿನಿಂದ ನೋಡಿದರೆ ತಿಳಿ ಬಣ್ಣಗಳೆಲ್ಲ ಬಿಳಿಚಿಕೊಳ್ಳುತ್ತವೆ. ಅವನು ನಿಲ್ಲುವ ಜಾಗದಲ್ಲಿ ನಾನೂ ನಿಂತು ನೋಡಿದೆ, ಎರಡೂ ಒಂದೇ ಮಾಸಲು ಬಿಳಿ. ಈಗ ಗಾಢ ನೀಲಿ, ಎಳನೀರಿನ ಸಿಪ್ಪೆಯ ಹಸಿರು, ಇಟ್ಟಿಗೆ, ಅಚ್ಚ ಹಳದಿ ಇಟ್ಟಿದ್ದೇನೆ. ಮೊದಲ ಮೂರಕ್ಕೆ ಬಿಳಿ ಅಕ್ಷರ, ಹಳದಿಗೆ ಕಪ್ಪು. ಮಾನಿಟರ್ ಅಡಿಗೆ ಮರದ ತುಂಡು ಕೊಟ್ಟು ಹಿಂದಕ್ಕೆ ವಾಲಿಸಿದ್ದೂ ಆಯಿತು.

ಇನ್ನೊಂದು ದಾರಿ ನಾನೇ ಹುಡುಕಿಕೊಂಡೆ. ‘ವಿಂಡೋಸ್.ಅಪ್‌ಡೇಟ್’ನಲ್ಲಿ ‘ಟೈಟಲ್‌ಪ್ರಿಫೇಸ್’ ಎಂದಿದೆ, ವಿಂಡೋದ ಶೀರ್ಷಿಕೆಯ ಮುಂದೆ ನಮಗೆ ಬೇಕಾದದ್ದನ್ನು ಸೇರಿಸಬಹುದು. ಗಿರಾಕಿಗೆ ಕೊಡುವ ಟೋಕನ್ ಸಂಖ್ಯೆಯನ್ನೂ ಇನಿಷಿಯಲ್‌ಅನ್ನೂ ಅಲ್ಲಿ ಹಾಕುತ್ತೇನೆ, ಕೆಳಗಿನ ಟಾಸ್ಕ್‌ಬಾರ್‌ನಲ್ಲೂ ಕಾಣುತ್ತದೆ. ಮೂಲೆಮನೆಯವರೇ, ನಿಮ್ಮ ಚೀಟಿಯೇ ಅದು, ಗೋಂದು ಬೇಡ ಅಷ್ಟೇ.

26 ಥೀಮ್ ತೆಗೆಸಿದೆ. ಹುಡುಗ ಒಂದನ್ನು ಮಾತ್ರ ಬಿಡಲಿಲ್ಲ, ರಾತ್ರಿ ಲೆಕ್ಕ ಬರೆಯುವಾಗ ಹಾಕಿಕೊಳ್ಳುತ್ತಾನೆ. ತೋಟದ ಫೋಟೋವನ್ನು ಹೇಳಿದ ಹಾಗೆ ಕತ್ತರಿಸಿದೆ. ಈಗ ಬಲ ಮೂಲೆಯಲ್ಲಿ ಒಂದು ಗೊನೆ ಕಾಣುತ್ತದೆ, ತಂತಿ ಹೋಗಿಲ್ಲ.

ಒಂದು ಉಳಿದಿದೆ. ಡೀಬಗ್ ಪುಟದಿಂದ ತಾತ್ಕಾಲಿಕವಾಗಿ ಹಾಕಿದ ಆಡ್‌-ಆನ್ ಬ್ರೌಸರ್ ಮುಚ್ಚಿದರೆ ಹೋಗುತ್ತದೆ. ದಿನಾ ಬೆಳಿಗ್ಗೆ ಮೂರು ಕಡೆ ಮತ್ತೆ ಹಾಕುತ್ತಿದ್ದೇನೆ.

ಗುಬ್ಬಿ ಪ್ಯಾಸೆಂಜರ್:

ಮೊಝಿಲ್ಲಾದ ಆಡ್‌-ಆನ್ ತಾಣಕ್ಕೆ ಜಿಪ್ ಕಡತ ಏರಿಸಿ, ‘ನಾನೇ ಹಂಚಿಕೊಳ್ಳುತ್ತೇನೆ’ ಎಂಬ ಆಯ್ಕೆ ಹಿಡಿಯಿರಿ. ಸಾರ್ವಜನಿಕ ಪಟ್ಟಿಗೆ ಸೇರುವುದಿಲ್ಲ, ಸಹಿ ಬಿದ್ದ ಕಡತ ನಿಮಗೆ ವಾಪಸ್ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಮೂರು ಕಂಪ್ಯೂಟರ್‌ಗೂ ಒಂದೇ ಸಲ ಹಾಕಿ. ಏರಿಸುವ ಮೊದಲು ‘ಮ್ಯಾನೇಜ್‌ಮೆಂಟ್’ ಅನುಮತಿಯನ್ನು ತೆಗೆದುಬಿಡಿ, ಈಗ ಅದರಿಂದ ನಿಮಗೆ ಕೆಲಸವಿಲ್ಲ.