ಹಳೇ 911ರ ಸಿವಿ ಜಾಯಿಂಟ್: ಸವೆದಿದೆಯಾ, ಇನ್ನೂ ಓಡುತ್ತದಾ?

ಪ್ರಶ್ನೆ: ಸರ್, ನನ್ನದು 1981ರ ಪೋರ್ಷೆ 911 ಎಸ್‌ಸಿ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹಿಂದುಗಡೆಯಿಂದ ‘ಟಕ್’ ಅಂತ ಒಂದೇ ಸಲ ಸದ್ದು ಬರುತ್ತದೆ. ಎಡಗಡೆಯ ಹಿಂದಿನ ಚಕ್ರದ ಒಳಬದಿಗೆಲ್ಲ ಗ್ರೀಸ್ ಚಿಮ್ಮಿದೆ. ಬಗ್ಗಿ ನೋಡಿದರೆ, ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಶಾಫ್ಟ್‌ನ ತುದಿಯ ಸಿವಿ ಜಾಯಿಂಟ್ (ಬಾಗಿದರೂ ಒಂದೇ ವೇಗದಲ್ಲಿ ತಿರುಗುವ ಕೀಲು) ಮುಚ್ಚುವ ರಬ್ಬರ್ ಬೂಟ್ ಹರಿದಿದೆ. ಒಬ್ಬರು ಎರಡೂ ಶಾಫ್ಟ್‌ಗಳ ನಾಲ್ಕೂ ಜಾಯಿಂಟ್ ಬದಲಾಯಿಸಿ ಅಂದರು. ಇನ್ನೊಬ್ಬರು ಹೊಸ ಬೂಟ್ ಹಾಕಿ ಗ್ರೀಸ್ ತುಂಬಿದರೆ ಸಾಕು ಅಂದರು. ಶಾಫ್ಟ್ ಹಿಡಿದು ಎಳೆದರೆ ಒಳಗೆ ಹೊರಗೆ ಜಾರುತ್ತದೆ. ಹಾಗಾದರೆ ಜಾಯಿಂಟ್ ಹೋಗಿದೆ ಅಂತಲೇ? ಎಷ್ಟು ಸವೆದಿದೆ ಅಂತ ಹೇಗೆ ತಿಳಿಯೋದು?

ಉತ್ತರ (ಮೆಕ್ಯಾನಿಕ್): ಮೊದಲು ಆ ಜಾರುವುದರ ವಿಷಯ. ಅದು ದೋಷ ಅಲ್ಲ, ಜಾಯಿಂಟ್‌ನ ಕೆಲಸವೇ ಅದು. ಸಸ್ಪೆನ್ಷನ್ ಮೇಲೆ ಕೆಳಗೆ ಆಡಿದಾಗ ಗೇರ್‌ಬಾಕ್ಸ್‌ಗೂ ಚಕ್ರಕ್ಕೂ ನಡುವಿನ ದೂರ ಬದಲಾಗುತ್ತದೆ. ಆ ವ್ಯತ್ಯಾಸವನ್ನು ಜಾಯಿಂಟ್ ನುಂಗಿಕೊಳ್ಳಬೇಕು. ಅದಕ್ಕೇ ನಿಮ್ಮ ಗಾಡಿಯ ಜಾಯಿಂಟ್‌ನಲ್ಲಿ ಆರು ಗುಂಡು ಓಡಾಡುವ ತೋಡುಗಳನ್ನು ನೇರವಾಗಿ ಕೊರೆದಿಲ್ಲ, ಓರೆಯಾಗಿ ಕೊರೆದಿದ್ದಾರೆ. ಶಾಫ್ಟ್ ಕೂರುವ ಒಳಗಿನ ಹಬ್‌ನ ತೋಡು ಒಂದು ಕಡೆ ವಾಲಿದ್ದರೆ ಹೊರಗಿನ ರಿಂಗ್‌ನದ್ದು ಇನ್ನೊಂದು ಕಡೆ. ಶಾಫ್ಟ್ ಉದ್ದಕ್ಕೆ ಜಾರುವುದನ್ನು ನೋಡಿ ಸವೆದಿದೆ ಅಂತ ತೀರ್ಮಾನ ಮಾಡಬೇಡಿ. ನೋಡಬೇಕಾದ್ದು ತಿರುಗಿಸಿದಾಗ ಸಿಗುವ ಸಡಿಲ.

ಇನ್ನು ಆ ‘ಟಕ್’. ಎಲ್ಲರೂ ಸೀದಾ ಸಿವಿ ಜಾಯಿಂಟ್ ಮೇಲೆ ಹಾಕಿಬಿಡುತ್ತಾರೆ. ಆದರೆ ಒಂದೇ ಸಲ ಬರುವ ಸದ್ದು ಅಂದರೆ ಎಲ್ಲೋ ಇರುವ ಸಡಿಲ (ಪ್ಲೇ) ಒಮ್ಮೆ ಆ ಕಡೆಯಿಂದ ಈ ಕಡೆಗೆ ಬಿತ್ತು ಅಂತ ಅಷ್ಟೇ. ಡಿಫರೆನ್ಷಿಯಲ್ ಹಲ್ಲುಗಳ ಸಂದು, ಗೇರ್‌ಬಾಕ್ಸ್ ಮೌಂಟಿಂಗ್, ಟ್ರೇಲಿಂಗ್ ಆರ್ಮ್ ಬುಷ್, ಚಕ್ರದ ಹಬ್ ನಟ್, ಯಾವುದೂ ಆಗಿರಬಹುದು. ಎಲ್ಲಕ್ಕಿಂತ ಮೊದಲು, ಜಾಯಿಂಟನ್ನು ಗೇರ್‌ಬಾಕ್ಸ್ ಕಡೆಗೂ ಚಕ್ರದ ಕಡೆಗೂ ಬಿಗಿದಿಡುವ ಫ್ಲ್ಯಾಂಜ್ ಬೋಲ್ಟ್‌ಗಳನ್ನು ನೋಡಿ. ಹಳೇ ಗಾಡಿಗಳಲ್ಲಿ ಇವು ಸದ್ದಿಲ್ಲದೆ ಸಡಿಲ ಆಗುತ್ತವೆ. ಬೋಲ್ಟ್ ತಲೆಯ ಸುತ್ತ ಉಜ್ಜಿದ ಹೊಳಪು ಅಥವಾ ಕೆಂಪು ಪುಡಿ ಕಂಡರೆ ಅದು ಅಲ್ಲಾಡುತ್ತಿದೆ ಅಂತ ತಿಳಿಯಿರಿ.

ಚಕ್ರದ ವೇಗಕ್ಕೆ ತಕ್ಕಂತೆ ಕಟ್ ಕಟ್ ಕಟ್ ಅಂತ ಬಂದರೆ ಮಾತು ಬೇರೆ. ಆಗ ಜಾಯಿಂಟ್ ಮೇಲೆ ಅನುಮಾನ ಪಡಬಹುದು. ಆದರೆ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮಾಡುವ ಹಾಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಸುತ್ತು ಹೊಡೆದು ಪರೀಕ್ಷೆ ಮಾಡುವುದು ಇಲ್ಲಿ ದಂಡ. ನಿಮ್ಮ 911ರಲ್ಲಿ ಹಿಂದಿನ ಚಕ್ರ ತಿರುವು ತಗೊಳ್ಳೋದಿಲ್ಲ, ಜಾಯಿಂಟ್‌ನ ಕೋನವೂ ಸ್ಟೀರಿಂಗ್ ಜೊತೆ ಬದಲಾಗೋದಿಲ್ಲ. ತಿರುವಿನಲ್ಲಿ ಭಾರ ಒಂದು ಪಕ್ಕಕ್ಕೆ ಬಿದ್ದಾಗ ಗುಂಯ್ ಅನ್ನುವ ಸದ್ದು ಏರುತ್ತದೆ ಅಂದರೆ ವೀಲ್ ಬೇರಿಂಗ್ ನೋಡಿ.

ಬಿಚ್ಚುವ ಮೊದಲು ಒಂದು ಸುಲಭದ ಪರೀಕ್ಷೆ ಇದೆ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಗೇರ್ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಈಗ ಚಕ್ರ ಅಲ್ಲಾಡೋದಿಲ್ಲ. ಶಾಫ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರೆ ಸಿಗುವುದು ಹೊರಗಿನ ಜಾಯಿಂಟ್‌ನ ಸಡಿಲ ಮಾತ್ರ. ಒಳಗಿನದ್ದಕ್ಕೆ ಗೇರ್‌ಬಾಕ್ಸ್ ಫ್ಲ್ಯಾಂಜನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಇನ್ನೊಂದರಲ್ಲಿ ಶಾಫ್ಟ್ ತಿರುಗಿಸಿ. ಹೀಗೆ ಮಾಡಿದರೆ ಡಿಫರೆನ್ಷಿಯಲ್ ಸಂದು ಲೆಕ್ಕಕ್ಕೆ ಬರೋದಿಲ್ಲ. ಚಕ್ರ ಹಿಡಿದು ಅಲ್ಲಾಡಿಸಿದರೆ ಎಲ್ಲದರ ಪ್ಲೇ ಒಟ್ಟಿಗೆ ಸೇರಿ ಸಿಗುತ್ತದೆ, ಅದರಿಂದ ಏನೂ ಗೊತ್ತಾಗೋದಿಲ್ಲ. ಕೈಗೆ ಚೂರು ಸಡಿಲ ಸಿಕ್ಕರೆ ಗಾಬರಿ ಬೇಡ. ಎಡ, ಬಲ ಹೋಲಿಸಿ. ಒಂದರಲ್ಲಿ ಮಾತ್ರ ‘ಕಟಕ್’ ಅಂತ ಲೋಹಕ್ಕೆ ಲೋಹ ತಾಗುವುದು ಕೇಳಿದರೆ ಅದನ್ನು ಮೊದಲು ಬಿಚ್ಚಿ.

ನಿಜ ಹೇಳಬೇಕೆಂದರೆ ಬಿಚ್ಚಿ ತೊಳೆಯದೆ ತೀರ್ಪು ಕೊಡಲು ಬರೋದಿಲ್ಲ. ಬೂಟ್ ಹರಿದ ಮೇಲೆ ಎಷ್ಟು ದಿನ ಓಡಿದೆ ಅಂತ ಯಾರಿಗೆ ಗೊತ್ತು? ಗ್ರೀಸ್ ಹೊರಗೆ, ಮರಳು ನೀರು ಒಳಗೆ.

ಪ್ರಶ್ನೆ: ಬಿಚ್ಚಿದ ಮೇಲೆ ಏನು ನೋಡಬೇಕು ಸರ್? ಗ್ರೀಸ್ ಕಪ್ಪಗಾಗಿದ್ದರೆ ಕೆಟ್ಟಿದೆ ಅಂತ ಅಲ್ವಾ?

ಉತ್ತರ: ಅಲ್ಲ. ಇದಕ್ಕೆ ಹಾಕುವುದು ಮಾಲಿಬ್ಡಿನಮ್ ಗ್ರೀಸ್, ಅದು ಹೊಸದರಲ್ಲೇ ಕಪ್ಪು. ಸ್ವಲ್ಪ ತೆಗೆದು ಬೆರಳ ನಡುವೆ ಉಜ್ಜಿ, ಬೆಳಕಿಗೆ ಹಿಡಿಯಿರಿ. ಮಿಣಮಿಣ ಹೊಳೆಯುವ ಲೋಹದ ಪುಡಿ ಇದ್ದರೆ ಒಳಗೆ ತಿಂದಿದೆ. ಬೂದು ಬಿಳಿಯಾಗಿದ್ದರೆ ನೀರು ಸೇರಿದೆ. ಗರಗರ ಅಂದರೆ ಮರಳು.

ತೊಳೆಯುವ ಮೊದಲು ಒಂದು ಎಚ್ಚರ. ಪ್ರತಿ ಜಾಯಿಂಟ್‌ಗೂ ಬೇರೆ ಡಬ್ಬ ಇಡಿ. ರಿಂಗ್, ಕೇಜ್ (ಗುಂಡುಗಳನ್ನು ಜಾಗದಲ್ಲಿ ಹಿಡಿದಿಡುವ ಕಿಟಕಿಗಳಿರುವ ಬಳೆ), ಹಬ್, ಗುಂಡು ಇವು ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಒಂದರದ್ದು ಇನ್ನೊಂದಕ್ಕೆ ಹಾಕಬಾರದು. ಹಬ್ ಯಾವ ಮುಖಕ್ಕಿತ್ತು ಅಂತ ಗುರುತು ಹಾಕಿಕೊಳ್ಳಿ, ಫೋಟೋನೂ ತೆಗೆಯಿರಿ. ಮತ್ತೆ ಜೋಡಿಸುವಾಗ ರಿಂಗ್‌ನ ತೋಡುಗಳ ನಡುವಿನ ಅಗಲದ ಅಂತರಕ್ಕೆ ಹಬ್‌ನ ಕಿರಿದಾದ ಅಂತರ ಎದುರು ಬರಬೇಕು. ತಪ್ಪಿ ಕೂರಿಸಿದರೆ ಜಾಯಿಂಟ್ ಹಿಡಿದುಕೊಳ್ಳುತ್ತದೆ. ಆಗ ಸುತ್ತಿಗೆ ತಗೊಳ್ಳಬೇಡಿ, ಬಿಚ್ಚಿ ಒಂದು ತೋಡು ಪಕ್ಕಕ್ಕೆ ಸರಿಸಿ.

ಚೆನ್ನಾಗಿ ತೊಳೆದು ಒಣಗಿಸಿ, ಓರೆ ಬೆಳಕಿನಲ್ಲಿ ನೋಡಿ. ಗುಂಡು ಓಡಾಡಿದ ಜಾಗದಲ್ಲಿ ಕನ್ನಡಿ ಹಾಗೆ ಹೊಳೆಯುವ ಪಟ್ಟಿ ಇರುತ್ತದೆ. ಅದು ಸಹಜ. ಆ ಪಟ್ಟಿಗೆ ಅಡ್ಡಲಾಗಿ ಬೆರಳಿನ ಉಗುರು ಎಳೆಯಿರಿ. ಜಾರಿ ಹೋದರೆ ಸರಿ. ಅಂಚಿಗೆ ಉಗುರು ಸಿಕ್ಕಿಕೊಂಡರೆ ಅದರ ಕಥೆ ಮುಗಿಯಿತು. ಚುಕ್ಕಿ ಚುಕ್ಕಿ ಗುಳಿ ಇದ್ದರೂ, ಮೇಲ್ಪದರ ಚಕ್ಕೆ ಎದ್ದಿದ್ದರೂ ಅಷ್ಟೇ. ಎಮೆರಿ ಪೇಪರ್ ಹಾಕಿ ಉಜ್ಜಿ ಸರಿ ಮಾಡುತ್ತೇನೆ ಅನ್ನುವವರು ಇದ್ದಾರೆ, ಕೇಳಬೇಡಿ. ತೋಡಿನ ಮೇಲ್ಪದರ ಮಾತ್ರ ಗಟ್ಟಿ ಮಾಡಿರುತ್ತಾರೆ, ಕೆಳಗಿನದ್ದು ಮೆತ್ತಗೆ. ಗಟ್ಟಿ ಪದರ ಒಮ್ಮೆ ಹೋದರೆ ಮುಂದಿನ ಸವೆತ ಭರಭರ ಆಗುತ್ತದೆ. ನೀಲಿ ಬಣ್ಣ ತಿರುಗಿದ್ದರೆ ಗ್ರೀಸ್ ಇಲ್ಲದೆ ಕಾದಿದೆ ಅಂತ. ಅದನ್ನೂ ಎತ್ತಿಡಿ.

ಕೇಜನ್ನು ಬಹಳ ಜನ ನೋಡುವುದೇ ಇಲ್ಲ. ಅದರ ಕಿಟಕಿಯಲ್ಲಿ ಗುಂಡು ಬಿಗಿಯಾಗಿ ಕೂರಬೇಕು. ಗುಂಡು ಗಲಗಲ ಅಂದರೆ ಕಿಟಕಿ ಸವೆದಿದೆ. ಕಿಟಕಿಯ ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಇದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿ.

ತುಂಬಾ ವರ್ಷ ನಿಂತಿದ್ದ ಗಾಡಿಯಾದರೆ, ಪ್ರತಿ ಗುಂಡು ಕೂತ ಜಾಗದಲ್ಲೇ ಒಂದೊಂದು ತುಕ್ಕಿನ ಕಲೆ ಕಾಣಬಹುದು. ಒರೆಸಿದರೆ ಹೋಗಿ, ಉಗುರಿಗೆ ಏನೂ ಸಿಗದಿದ್ದರೆ ಬಿಟ್ಟುಬಿಡಿ.

ಇನ್ನೊಬ್ಬ ಸದಸ್ಯರು: ಎಡದ ಶಾಫ್ಟ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೆ ಆಯಸ್ಸು ಡಬಲ್ ಅಂತಾರೆ. ನಿಜವೇ?

ಉತ್ತರ: ಡಬಲ್ ಅನ್ನುವುದು ಸುಮ್ನೆ ಮಾತು. ಆದರೆ ಉಪಾಯದಲ್ಲಿ ಹುರುಳಿದೆ. ಎಂಜಿನ್ ಎಳೆಯುವಾಗ ಗುಂಡು ತೋಡಿನ ಒಂದೇ ಗೋಡೆಗೆ ಒತ್ತುತ್ತದೆ, ಸವೆಯುವುದು ಹೆಚ್ಚಾಗಿ ಆ ಗೋಡೆ. ಪಕ್ಕ ಬದಲಿಸಿದರೆ ಇನ್ನೊಂದು ಗೋಡೆಗೆ ಭಾರ ಬೀಳುತ್ತದೆ. ಎರಡೂ ಶಾಫ್ಟ್ ಒಂದೇ ಉದ್ದ ಇದ್ದರೆ ಮಾತ್ರ ಮಾಡಿ. ಅದೇ ಪಕ್ಕದಲ್ಲಿ ಶಾಫ್ಟನ್ನು ಹಿಂದುಮುಂದು ಮಾಡಿ ಹಾಕಿದರೆ ಪ್ರಯೋಜನ ಇಲ್ಲ, ಭಾರ ಹಳೇ ಗೋಡೆಗೇ ಬೀಳುತ್ತದೆ. ಒಂದು ಕಾಗದದ ಮೇಲೆ ಬಾಣದ ಗುರುತು ಹಾಕಿಕೊಂಡು ನೋಡಿ, ಅರ್ಥವಾಗುತ್ತದೆ. ಉಗುರಿಗೆ ಸಿಗುವಷ್ಟು ಸವೆದ ಜಾಯಿಂಟ್‌ಗೆ ಈ ಉಪಾಯ ಬೇಡ.

ಮತ್ತೊಬ್ಬ ಸದಸ್ಯರು: ನನ್ನ 1960ರ ದಶಕದ ಲೋಟಸ್ ಎಲಾನ್‌ಗೂ ಇದೇ ಪರೀಕ್ಷೆ ಸಾಕಾ? ಹೊರಡುವಾಗ ಜಗ್ಗಿದ ಹಾಗೆ ಆಗುತ್ತದೆ.

ಉತ್ತರ: ಕಂಪನಿಯಿಂದ ಬಂದ ಹಾಗೇ ಇದ್ದರೆ ನಿಮ್ಮದರಲ್ಲಿ ಸಿವಿ ಜಾಯಿಂಟ್ ಇಲ್ಲ, ರೋಟೋಫ್ಲೆಕ್ಸ್ ರಬ್ಬರ್ ಕಪ್ಲಿಂಗ್ ಇದೆ. ರಬ್ಬರ್ ತಿರುಚಿಕೊಳ್ಳುವುದರಿಂದ ಆ ಜಗ್ಗಾಟ ಬರುತ್ತದೆ. ರಬ್ಬರ್‌ನಲ್ಲಿ ಬಿರುಕು ಇದೆಯಾ, ಲೋಹದಿಂದ ಬಿಟ್ಟುಕೊಂಡಿದೆಯಾ ನೋಡಿ. ಹಿಂದಿನ ಮಾಲೀಕರು ಸಿವಿಗೆ ಬದಲಿಸಿದ್ದರೆ ಮೇಲೆ ಹೇಳಿದ್ದೆಲ್ಲ ಅನ್ವಯ ಆಗುತ್ತದೆ.

ಪ್ರಶ್ನೆ (911 ಮಾಲೀಕರು): ಬಿಚ್ಚಿದೆ ಸರ್. ಬೂಟ್ ಹರಿದಿದ್ದ ಎಡ ಹೊರಗಿನ ಜಾಯಿಂಟ್‌ನಲ್ಲಿ ಎರಡು ತೋಡುಗಳಲ್ಲಿ ಗುಳಿ ಬಿದ್ದಿದೆ, ಉಗುರು ನಿಲ್ಲುತ್ತದೆ. ಉಳಿದ ಮೂರರಲ್ಲಿ ಬರೀ ಹೊಳಪು. ಬಲಗಡೆಯ ಒಳಗಿನ ಫ್ಲ್ಯಾಂಜ್‌ನಲ್ಲಿ ಎರಡು ಬೋಲ್ಟ್ ಕೈಯಲ್ಲೇ ತಿರುಗಿದವು!

ಉತ್ತರ: ನಿಮ್ಮ ‘ಟಕ್’ ಬಹುಶಃ ಆ ಬೋಲ್ಟ್‌ಗಳದ್ದೇ. ಎಡ ಹೊರಗಿನದ್ದು ಒಂದೇ ಬದಲಾಯಿಸಿ. ಉಳಿದ ಮೂರನ್ನು ತೊಳೆದು ಹೊಸ ಗ್ರೀಸ್, ಹೊಸ ಬೂಟ್ ಹಾಕಿ ಇಟ್ಟುಕೊಳ್ಳಿ. ಚೆನ್ನಾಗಿರುವ ಹಳೇ ಅಸಲಿ ಜಾಯಿಂಟ್ ತೆಗೆದು ಯಾವುದೋ ಹೆಸರಿಲ್ಲದ ಹೊಸದನ್ನು ಹಾಕುವುದು ನನಗೆ ಒಪ್ಪಿಗೆ ಇಲ್ಲ. ಗ್ರೀಸ್‌ನಲ್ಲಿ ಹೆಚ್ಚಿನ ಪಾಲು ಜಾಯಿಂಟ್ ಒಳಗೆ ಒತ್ತಿ, ಉಳಿದದ್ದು ಬೂಟ್‌ಗೆ. ಫ್ಲ್ಯಾಂಜ್ ಮುಖದಲ್ಲೂ ಬೋಲ್ಟ್ ಥ್ರೆಡ್‌ನಲ್ಲೂ ಒಂದು ಹನಿ ಗ್ರೀಸ್ ಇರಬಾರದು. ಮತ್ತೆ ಸಡಿಲ ಆಗುವುದು ಅದರಿಂದಲೇ. ಬೋಲ್ಟ್ ಅಳತೆ ವರ್ಷದಿಂದ ವರ್ಷಕ್ಕೆ ಬೇರೆ ಇದೆ, ಹಾಗಾಗಿ ಟಾರ್ಕ್ (ಬಿಗಿಸುವ ಬಲ) ಎಷ್ಟು ಅಂತ ನಿಮ್ಮ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನುಯಲ್ ನೋಡಿಯೇ ಕೊಡಿ. ಸ್ವಲ್ಪ ಓಡಿಸಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಇನ್ನೊಮ್ಮೆ ನಾಲ್ಕೂ ಫ್ಲ್ಯಾಂಜ್ ನೋಡಿ. ಸದ್ದು ಆಗಲೂ ಇದ್ದರೆ ಗೇರ್‌ಬಾಕ್ಸ್ ಮೌಂಟಿಂಗ್ ಫೋಟೋ ಇಲ್ಲಿ ಹಾಕಿ.