ಕಬ್ಬಿಣಕ್ಕೂ ಲಡ್ಡು ಹಿಡಿಯುತ್ತದೆಯೇ?

ಎಲ್ಲರಿಗೂ ನಮಸ್ಕಾರ. ‘ಲಡ್ಡು’ ಅನ್ನುವ ಪದದ ಬಗ್ಗೆ ಕೇಳಬೇಕಿತ್ತು. ತಿನ್ನುವ ಲಡ್ಡು ಅಲ್ಲ, ‘ಲಡ್ಡು ಹಿಡಿದ ಮರ’ ಅಂತೀವಲ್ಲ, ಅದು.

ಆಲ್ದೂರಿನ ಹತ್ತಿರ ನಮ್ಮ ನೆಂಟರ ಕಾಫಿ ತೋಟದ ಶೆಡ್ಡಿನಲ್ಲಿ ಒಂದು ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇಪ್ಪತ್ತೈದು ವರ್ಷ ಸುಮ್ನೆ ನಿಂತಿತ್ತು. ಎರಡು ಬಾಗಿಲಿನದು, 948 ಸಿಸಿ ಎಂಜಿನ್. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಗಾಡಿ. ಟ್ರಯಂಫ್ ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರನ್ನು ಕಟ್ಟಿದ್ದು ಇದರದೇ ಚಾಸಿಯನ್ನು ಗಿಡ್ಡ ಮಾಡಿಕೊಂಡು. ನನ್ನ ಅಕ್ಕನ ಮಗನಿಗೆ ಇದನ್ನು ಮಣ್ಣಿನ ಟ್ರ್ಯಾಕಿನ ರೇಸಿಗೆ ಇಳಿಸುವ ಆಸೆ. 2016ರಲ್ಲಿ ಏಷ್ಯಾ-ಪೆಸಿಫಿಕ್ ರ್ಯಾಲಿ ಚಿಕ್ಕಮಗಳೂರಿಗೆ ಬಂದಾಗ ನೋಡಲು ಹೋಗಿದ್ದ, ಆಗಿನಿಂದ ಹಿಡಿದ ಹುಚ್ಚು. ಕೈಯಲ್ಲಿ ದುಡ್ಡು ಕಡಿಮೆ. ಆದ್ದರಿಂದ ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಕತ್ತರಿಸಿ ಬಿಸಾಡಬೇಕು ಅಂತ ಪ್ರತಿ ತಗಡನ್ನೂ ನೋಡಿ ಬರೆದಿಡುತ್ತಿದ್ದೇವೆ. ಬರೆಯುವ ಕೆಲಸ ನನ್ನದು. ಪದದ ತೊಡಕು ಬಂದದ್ದು ಅಲ್ಲೇ.

ಕಳೆದ ವಾರ ಟಿಂಕರ್ ಕೆಲಸದ ಹಿರಿಯರೊಬ್ಬರನ್ನು ಕರೆತಂದು ತೋರಿಸಿದೆವು. ಅವರು ಮ್ಯಾಟ್ ಕಿತ್ತು, ಸ್ಕ್ರೂಡ್ರೈವರಿನ ಹಿಡಿಯಿಂದ ನೆಲದ ತಗಡನ್ನು ಉದ್ದಕ್ಕೂ ಕುಟ್ಟುತ್ತಾ ಹೋದರು. ಟಣ್ ಅಂದ ಕಡೆ, ಮೇಲೆ ಎಷ್ಟೇ ಕೆಂಪಗಿದ್ದರೂ, “ಇದು ತುಕ್ಕು ಸಾರ್, ಉಜ್ಜಿದ್ರೆ ಹೋಗುತ್ತೆ” ಅಂದರು. ಡ್ರೈವರ್ ಸೀಟಿನ ಕೆಳಗೆ ಸದ್ದು ಡಬ್ ಅಂತ ಬಂತು. ಅಲ್ಲಿ ಬಣ್ಣ ಇನ್ನೂ ಚೆನ್ನಾಗಿಯೇ ಇತ್ತು. ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯಿಂದ ಒತ್ತಿದರು. ಹಪ್ಪಳ ಮುರಿದ ಹಾಗೆ ಒಳಗಿಳಿಯಿತು. ಕಂದು ಪುಡಿ ಕೆಳಗೆ ಉದುರಿತು. “ಇದು ಲಡ್ಡಾಗಿದೆ ಗೌಡ್ರೆ. ಕತ್ತರಿಸ್ಲೇಬೇಕು.”

ನನಗೆ ತಿಳಿದ ಮಟ್ಟಿಗೆ ಲಡ್ಡು ಮರದ ಮಾತು. “ಆ ಜಂತೆ ಲಡ್ಡಾಗಿದೆ, ಅದರ ಕೆಳಗೆ ಮಲಗಬೇಡ” ಅಂತ ನಮ್ಮಜ್ಜಿ ಹೇಳುತ್ತಿದ್ದರು. ಹೊರಗೆ ಗಟ್ಟಿ ಕಾಣುತ್ತದೆ, ಒಳಗೆ ತಿರುಳೇ ಇರುವುದಿಲ್ಲ. ಹಾಗೆ ನೋಡಿದರೆ ಆ ತಗಡಿಗೂ ಅದೇ ಆಗಿತ್ತು, ಅಲ್ವಾ? ತುಕ್ಕು ಕಣ್ಣಿಗೆ ಕಾಣುವಂಥದ್ದು, ಲಡ್ಡು ಕುಟ್ಟಿದರೆ ಮಾತ್ರ ಗೊತ್ತಾಗುವಂಥದ್ದು. ನನಗಂತೂ ಈ ಬಳಕೆ ಬಹಳ ಹಿಡಿಸಿತು.

ಈ ಎರಡರ ಫರಕು ನಮಗೆ ಸಣ್ಣದಲ್ಲ. ತುಕ್ಕಾದರೆ ಎಮರಿ ಪೇಪರ್, ರೆಡ್ ಆಕ್ಸೈಡ್, ಅಲ್ಲಿಗೆ ಮುಗಿಯಿತು. ಲಡ್ಡಾದರೆ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, 18 ಗೇಜಿನ ಹೊಸ ತಗಡು ಕೂರಿಸಿ ವೆಲ್ಡ್ ಮಾಡಬೇಕು. ರೇಸಿನ ಗಾಡಿಗೆ ಒಳಗೆ ಪೈಪಿನ ಪಂಜರ ಕಟ್ಟುತ್ತಾರೆ, ಗಾಡಿ ಮಗುಚಿದಾಗ ತಲೆ ಕಾಯುವುದು ಅದೇ. ಪಂಜರದ ಕಾಲು ಲಡ್ಡು ತಗಡಿನ ಮೇಲೆ ನಿಂತರೆ ಅದು ಇದ್ದೂ ಇಲ್ಲದ ಹಾಗೆ. ಕಾಲಿನ ಕೆಳಗೆ 3 ಮಿ.ಮೀ. ದಪ್ಪದ ಪಟ್ಟಿ ಹಾಕಿದರೂ ಅದನ್ನು ಹಿಡಿದುಕೊಳ್ಳಲು ಸುತ್ತ ಗಟ್ಟಿ ಕಬ್ಬಿಣ ಬೇಕು. ಹುಡುಗನ ಜೀವದ ಪ್ರಶ್ನೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಎರಡಕ್ಕೂ ‘ತುಕ್ಕು’ ಅಂತಲೇ ಬರೆಯಲು ಮನಸ್ಸಿಲ್ಲ.

‘ಶಿಥಿಲ’ ಅಂತ ಬರೆಯಿರಿ ಎಂದು ಗೆಳೆಯರೊಬ್ಬರು ಹೇಳಿದರು. ಅದು ನನಗೆ ಕಟ್ಟಡದ ನೋಟಿಸಿನ ಭಾಷೆ ಅನ್ನಿಸುತ್ತದೆ. ‘ಸವೆತ’ ತಪ್ಪೇ, ಅದು ಉಜ್ಜಾಟದಿಂದ ಆಗುವುದು. ‘ಕಿಲುಬು’ ಕೂಡ ಆಗದು. ಕಿಲುಬು ತಾಮ್ರ, ಹಿತ್ತಾಳೆಯದು, ಹುಣಸೆಹಣ್ಣು ಹಾಕಿ ತಿಕ್ಕುವಂಥದ್ದು. ಆದರೆ ಇದೇ ಗಾಡಿಯಲ್ಲಿ ಅದಕ್ಕೂ ಜಾಗ ಸಿಕ್ಕಿತು. ಹಳೇ ರೇಡಿಯೇಟರ್ ತಾಮ್ರ-ಹಿತ್ತಾಳೆಯದು, ಬೆಸುಗೆಯ ಅಂಚಿನಲ್ಲೆಲ್ಲ ಹಸಿರು ಕಿಲುಬು. ಅಲ್ಲಿ ಯಾವ ಅನುಮಾನವೂ ಇಲ್ಲದೆ ಆ ಪದ ಬರೆದೆ.

ಇನ್ನೊಂದು ವಿಷಯ ನೋಡಿ. ತೆಲುಗಿನಲ್ಲಿ ತುಕ್ಕಿಗೆ ‘ತುಪ್ಪು’ ಅಂತಾರೆ, ‘ತುಕ್ಕು’ ಅಂದರೆ ಅಲ್ಲಿ ಗುಜರಿ ಸಾಮಾನು. ಈ ಎರಡಕ್ಕೂ ನಮ್ಮ ತುಕ್ಕಿಗೂ ನಂಟಿದೆಯೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮುಖ್ಯವಾಗಿ ಕೇಳುವುದು ಇಷ್ಟು. ನಿಮ್ಮ ಕಡೆ ಕಬ್ಬಿಣಕ್ಕೆ, ತಗಡಿಗೆ ಲಡ್ಡು ಅನ್ನುವುದನ್ನು ಕೇಳಿದ್ದೀರಾ? ಸಕಲೇಶಪುರ, ಬೇಲೂರು, ಅರಸೀಕೆರೆ ಕಡೆಯವರು ನಿಮ್ಮೂರಿನ ಗ್ಯಾರೇಜಿನಲ್ಲಿ, ಕುಲುಮೆಯಲ್ಲಿ ಒಮ್ಮೆ ವಿಚಾರಿಸಿ. ಅವರು ‘ಲಡ್ಡು ಹಿಡಿದಿದೆ’ ಅಂತಾರಾ, ‘ಲಡ್ಡಾಗಿದೆ’ ಅಂತಾರಾ, ಅದನ್ನೂ ತಿಳಿಸಿ. ನಮ್ಮ ಟಿಂಕರ್ ಎರಡನೆಯದನ್ನೇ ಹೇಳಿದರು. ಹಾಗೇ, ನಿಂತುಹೋದ ಗಾಡಿಯನ್ನು ಮತ್ತೆ ಕಟ್ಟುವುದಕ್ಕೆ ಅವರು ‘ಎಬ್ಬಿಸೋದು’ ಅಂದರು. “ಮೂರು ತಿಂಗಳು ಕೊಡಿ, ಎಬ್ಬಿಸ್ಬಹುದು.” ಈ ಬಳಕೆ ಬೇರೆ ಕಡೆಯೂ ಇದೆಯೇ?

ಸೋಮವಾರ ನೆಲದ ತಗಡು ಕತ್ತರಿಸಲು ಶುರು ಮಾಡುತ್ತೇವೆ. ಅಷ್ಟರೊಳಗೆ ಯಾರಾದರೂ ಬರೆದರೆ ಪಟ್ಟಿಯಲ್ಲಿ ಸರಿಯಾದ ಪದ ಹಾಕುತ್ತೇನೆ.