ಟೈರಿಗೆ ಚೈನು: ‘ಹಾಕು’ವುದೋ, ‘ಕಟ್ಟು’ವುದೋ?

ಬಳಗದವರಿಗೆಲ್ಲ ನಮಸ್ಕಾರ.

ಹಾಸನದಲ್ಲಿ ಲಾರಿ ಓಡಿಸಿಕೊಂಡಿದ್ದ ನನ್ನ ತಮ್ಮನ ಮಗ ಈಗ ಅಮೆರಿಕದ ಕೊಲರಾಡೋದಲ್ಲಿ ಹದಿನೆಂಟು ಚಕ್ರದ ಟ್ರಕ್ ಓಡಿಸುತ್ತಾನೆ. ಚಳಿಗಾಲದಲ್ಲಿ ಹಿಮದ ರಸ್ತೆಯಲ್ಲಿ ಜಾರದಿರಲೆಂದು ಟೈರಿಗೆ ಚೈನು ತೊಡಿಸುವ ಕ್ರಮವನ್ನು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ ಅಂದ. “ಇಂಗ್ಲಿಷ್ ಓದ್ತೀನಿ ದೊಡ್ಡಪ್ಪ, ಆದ್ರೆ ನಡುರಾತ್ರಿ ಕೈ ಮರಗಟ್ಟಿರುವಾಗ ಕನ್ನಡವೇ ತಲೆಗೆ ಹೋಗೋದು.” ಬರೆಯಲು ಕೂತೆ, ಮೊದಲ ಸಾಲಿಗೇ ಸಿಕ್ಕಿಬಿದ್ದೆ.

ತೊಡಕು ‘ಮಂಜು’ವಿನದು. ನಮಗೆ ಮಂಜು ಅಂದರೆ ಶಿರಾಡಿ ಘಾಟಿಯ ಮಂಜು. ಮುಂದಿನ ಗಾಡಿ ಕಾಣಿಸದು, ಲೈಟು ಹಾಕಿಕೊಂಡು ನಿಧಾನವಾಗಿ ಹೋಗಬೇಕು. ಕೊಲರಾಡೋದ ಮಂಜಿನಲ್ಲಿ ದಾರಿ ಚೆನ್ನಾಗಿ ಕಂಡರೂ ಗಾಲಿ ಜಾರುತ್ತದೆ. ‘ಮಂಜಿದ್ದರೆ ಚೈನು ಹಾಕಿ’ ಎಂದು ಬರೆದರೆ ನಮ್ಮೂರಿನ ಡ್ರೈವರ್ ನಗುತ್ತಾನೆ. ಹಾಗಾಗಿ ಮೇಲಿಂದ ಬೀಳುವುದನ್ನು ‘ಹಿಮ’ ಅಂದೆ, ರಸ್ತೆಗೆ ಅಂಟಿ ಕಲ್ಲಾದದ್ದನ್ನು ‘ಗಡ್ಡೆ’ ಅಂದೆ. ಅಲ್ಲಿನವರು ‘ಬ್ಲ್ಯಾಕ್ ಐಸ್’ ಅನ್ನುವುದು ಕಪ್ಪಗಿರುವುದೇ ಇಲ್ಲ. ಅದು ಗಾಜಿನಂಥ ತೆಳುಪದರ, ಕೆಳಗಿನ ಡಾಂಬರು ಕಾಣುವುದರಿಂದ ಆ ಹೆಸರು. ‘ಕರಿಗಡ್ಡೆ’ ಅಂದರೆ ಚಾಲಕ ಕಪ್ಪು ಗಡ್ಡೆಯನ್ನು ಹುಡುಕಿಕೊಂಡು ಹೋದಾನು! ‘ಕಾಣದ ಗಡ್ಡೆ’ ಅಂದರೆ ಹೇಗೆ?

ನನ್ನನ್ನು ಜಾಸ್ತಿ ಕಾಡುತ್ತಿರುವುದು ಕ್ರಿಯಾಪದ. ‘ಚೈನು ಹಾಕು’ ಅನ್ನುವುದು ನಾಲಿಗೆಗೆ ಸಲೀಸು. ಆದರೆ ಸೈಕಲ್ಲಿಗೆ ಚೈನು ಹಾಕಿದ ಹಾಗೆ ಒಂದೇ ಸಲಕ್ಕೆ ಮುಗಿದ ಕೆಲಸ ಅನಿಸುತ್ತದೆ. ಇದು ಹಾಗಲ್ಲ. ತೊಡಿಸಿ, ಕೊಕ್ಕೆ ಸಿಕ್ಕಿಸಿ, ಬಿಗಿದು, ಸ್ವಲ್ಪ ದೂರ ಓಡಿಸಿ, ಮತ್ತೆ ಇಳಿದು ಸಡಿಲವಾದದ್ದನ್ನು ಇನ್ನೊಮ್ಮೆ ಬಿಗಿಯಬೇಕು. ಇದನ್ನು ಬಿಟ್ಟರೆ ಚೈನು ತುಂಡಾಗಿ ಮಡ್‌ಗಾರ್ಡಿಗೋ ಬ್ರೇಕಿನ ಗಾಳಿ ಪೈಪಿಗೋ ಬಡಿಯುತ್ತದೆ. ‘ಸರಪಳಿ ತೊಡಿಸು’ ಅಂದರೆ ಕೈದಿ ನೆನಪಾಗುತ್ತಾನೆ. ಎತ್ತಿಗೆ ‘ಲಾಳ ಕಟ್ಟು’ ಅನ್ನುತ್ತೇವಲ್ಲ, ಅದೂ ಜಾರದಿರಲಿ, ಗೊರಸು ಸವೆಯದಿರಲಿ ಅಂತಲೇ ಅಲ್ವಾ? ಹಾಗಾಗಿ ‘ಚೈನು ಕಟ್ಟು’ ಎಂದು ಬರೆದು, ಮರುಬಿಗಿತವನ್ನು ಬೇರೆ ಸಾಲಾಗಿ ಇಟ್ಟಿದ್ದೇನೆ. ಅಲ್ಲಿನ ಚಾಲಕರ ಮಾತು ಇನ್ನೂ ಗಡುಸು: ‘ಕಬ್ಬಿಣ ಎಸೆ’ ಅನ್ನುತ್ತಾರಂತೆ.

ಭಾಗಗಳ ಹೆಸರೂ ಬೇಕು. ಚೈನನ್ನು ನೆಲಕ್ಕೆ ಹಾಸಿದರೆ ಏಣಿಯ ಹಾಗೆ ಕಾಣುತ್ತದೆ. ಟೈರಿನ ಎರಡು ಪಕ್ಕೆಗಳಲ್ಲಿ ಸುತ್ತುವರಿಯುವುದನ್ನು ‘ಉದ್ದಸರ’, ನಡುವೆ ನೆಲ ಕಚ್ಚುವುದನ್ನು ‘ಅಡ್ಡಸರ’ ಅಂದೆ. ನೇಕಾರರ ‘ಹಾಸುಹೊಕ್ಕು’ ಹೊಂದುತ್ತದೆ, ಆದರೆ ಡ್ರೈವರಿಗೆ ಯಾಕೆ ಸುಮ್ನೆ ತಲೆನೋವು. ಜೋಡಿ ಟೈರಿಗೆ ಒಟ್ಟಿಗೆ ಹಾಕುವ ಚೈನಿನಲ್ಲಿ ಮೂರು ಉದ್ದಸರ ಇರುತ್ತವೆ. ಇಂಗ್ಲಿಷಿನಲ್ಲಿ ಅವು ‘ರೈಲು’, ಹಾಗೆ ನೋಡಿದರೆ ನಮ್ಮ ‘ಹಳಿ’. ಆದರೆ ಗಾಡಿಚಕ್ರದ ಕಬ್ಬಿಣದ ಪಟ್ಟಿಯೂ ಹಳಿಯೇ, ಗೊಂದಲವಾದೀತು. ಬಿಗಿಯಲು ಕೀಲಿಯಿಂದ ತಿರುಗಿಸುವ ‘ಕ್ಯಾಮ್’ ಅನ್ನು ಹಾಗೇ ಬಿಟ್ಟಿದ್ದೇನೆ.

ಒಂದು ಸಾಲು ಮಾತ್ರ ತಾನಾಗಿ ಬಂತು: ‘ಕೊಕ್ಕೆಯ ಬಾಯಿ ಹೊರಕ್ಕಿರಲಿ, ಒಳಕ್ಕಿದ್ದರೆ ಟೈರಿನ ಪಕ್ಕೆ ಕೊರೆಯುತ್ತದೆ.’ ಹಾಳೆಯಲ್ಲಿ ಇನ್ನೂ ಎರಡು ಮಾತಿವೆ: ಚೈನು ಕಟ್ಟಲು ಟೈರಿನ ಗಾಳಿ ಇಳಿಸಬೇಡ, ಕಟ್ಟಿದ ಮೇಲೆ ಗಂಟೆಗೆ 50 ಕಿ.ಮೀ. ದಾಟಬೇಡ. ಹಿಮವಿಲ್ಲದ ಡಾಂಬರು ಬಂದರೆ ಜಾಗ ನೋಡಿ ಬಿಚ್ಚಬೇಕು. ಇಲ್ಲಿ ‘ಕಳಚು’ ಸರಿಯೋ ‘ಬಿಚ್ಚು’ ಸರಿಯೋ? ನನಗೆ ‘ಬಿಚ್ಚು’ ಇಷ್ಟ, ‘ಕಟ್ಟು’ವಿಗೆ ಜೋಡಿ.

ಆತುರ ಯಾಕೆಂದರೆ, ಅವನು ಓಡಾಡುವ ಐ-70 ಹೆದ್ದಾರಿಯಲ್ಲಿ ಮಾರಿಸನ್‌ನಿಂದ ಪಶ್ಚಿಮಕ್ಕೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಭಾರಿ ಟ್ರಕ್ಕುಗಳಲ್ಲಿ ಚೈನು ಇರಲೇಬೇಕು. ನಾವಿಲ್ಲಿ ಗಣಪತಿ ಕೂರಿಸುವ ಹೊತ್ತಿಗೆ ಅವನ ಲಾರಿಗೆ ಚಳಿಗಾಲ ಶುರು.

ಮನಾಲಿ, ಲೇಹ್ ಕಡೆ ಗಾಡಿ ಓಡಿಸಿದ ಕನ್ನಡಿಗರು ಬಳಗದಲ್ಲಿದ್ದರೆ ತಿಳಿಸಿ: ಅಲ್ಲಿ ನೀವು ನಿಮ್ಮನಿಮ್ಮಲ್ಲಿ ಏನನ್ನುತ್ತಿದ್ದಿರಿ? ಎತ್ತಿನ ಗಾಡಿ ಮಾಡುವ ಬಡಗಿಗಳು, ಕಮ್ಮಾರರು ಗೊತ್ತಿದ್ದವರು ‘ಉದ್ದಸರ’ಕ್ಕಿಂತ ಒಳ್ಳೆಯ ಪದ ಕೇಳಿ ಬರೆದರೆ ಹಾಳೆ ತಿದ್ದಿ ಕಳಿಸುತ್ತೇನೆ.